ಕಾನ್ವೆಂಟ್ ಅಂದರೆ ಮೊದಲು ಮನೆ, ಆಮೇಲೆ ಸಾಲಿ

ನಮ್ಮ ಕಡೆ ಬಂದರೆ ಹೆಜ್ಜೆಗೊಂದು 'ಕಾನ್ವೆಂಟ್' ಸಿಗುತ್ತದೆ. ನಮ್ಮ ಕಡೆ ಅಂದರೆ ಐನಾಪುರ, ಕಾಗವಾಡ, ಉಗಾರ, ಅಥಣಿ. ಕೃಷ್ಣಾ ನದಿಯ ಬದಿಯ ಕಬ್ಬಿನ ಸೀಮೆ. ಒಂದು ಕಾಲು ಕರ್ನಾಟಕದಲ್ಲಿ, ಇನ್ನೊಂದು ಕಾಲು ಮಿರಜ್-ಸಾಂಗ್ಲಿ ಕಡೆ ಇಟ್ಟುಕೊಂಡು ಬದುಕುವ ಊರುಗಳು. ಬೆಳಿಗ್ಗೆ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಟೈ ಕಟ್ಟಿಕೊಂಡ ಪುಟಾಣಿಗಳು ಹತ್ತುತ್ತವೆ. 'ಎಲ್ಲಿ ಹೊಂಟೀಯೋ?' ಅಂತ ಕೇಳಿದರೆ 'ಕಾನ್ವೆಂಟ್ ಸಾಲಿಗ್ರೀ' ಅನ್ನುತ್ತವೆ. ಆ ಕಾನ್ವೆಂಟಿನ ಮಾಲೀಕರು ಯಾರು ಅಂತ ನೋಡಿದರೆ ಒಬ್ಬರು ಗುತ್ತಿಗೆದಾರರು, ಇನ್ನೊಬ್ಬರು ರಾಜಕಾರಣಿ, ಮತ್ತೊಬ್ಬರದು ರಸಗೊಬ್ಬರದ ಅಂಗಡಿ. ಸನ್ಯಾಸಿನಿ ಅನ್ನುವವರ ನೆರಳೂ ಅಲ್ಲಿ ಬಿದ್ದಿರುವುದಿಲ್ಲ :)

ಇದು ನಮ್ಮ ಸೀಮೆಯ ಕಥೆ ಮಾತ್ರ ಅಲ್ಲ. ಕರ್ನಾಟಕದ ಉದ್ದಗಲಕ್ಕೂ ಕಾನ್ವೆಂಟ್ ಅಂದರೆ ಇಂಗ್ಲಿಷ್ ಮೀಡಿಯಂ, ಫೀಸು, ಟೈ, ಬೂಟು ಅಂತಲೇ ಅರ್ಥವಾಗಿಬಿಟ್ಟಿದೆ. ಆದರೆ ಆ ಪದಕ್ಕೂ ಶಾಲೆಗೂ ಮೂಲದಲ್ಲಿ ಸಂಬಂಧವೇ ಇಲ್ಲ. ಕಾನ್ವೆಂಟ್ ಅಂದರೆ ಕನ್ಯಾಮಠ. ಕ್ಯಾಥೊಲಿಕ್ ಸನ್ಯಾಸಿನಿಯರು ಒಟ್ಟಿಗೆ ವಾಸ ಮಾಡುವ ಮನೆ. ಒಂದು ಅಡುಗೆಮನೆ, ಒಂದು ಪ್ರಾರ್ಥನೆಯ ಕೋಣೆ, ನಾಲ್ಕಾರು ಮಂಚ. ಆ ಮನೆಯವರು ಪಕ್ಕದಲ್ಲೇ ಶಾಲೆ ತೆರೆದರು. ಜನ ಮನೆಯ ಹೆಸರನ್ನು ಶಾಲೆಗೂ ಇಟ್ಟರು. ಕಾಲ ಕಳೆದಂತೆ ಮನೆ ಮರೆತುಹೋಯಿತು, ಹೆಸರು ಉಳಿಯಿತು.

ನನ್ನ ವಾದ ಇಷ್ಟೇ. ಬಡ ಹಳ್ಳಿಗಳಿಗೆ ಈ ಸಿಸ್ಟರ್‌ಗಳಿಂದ ಆದ ಉಪಕಾರದ ಗುಟ್ಟು ಇರುವುದು ಶಾಲೆಯಲ್ಲಲ್ಲ, ಆ ಮನೆಯಲ್ಲಿ. ಅವರಿಂದ ನಾವು ಶಾಲೆಯನ್ನು ನಕಲು ಮಾಡಿದೆವು, ಮನೆಯನ್ನು ಬಿಟ್ಟೆವು. ಅದಕ್ಕೇ ನಮ್ಮ ಹಳ್ಳಿಗಳಲ್ಲಿ ಇಷ್ಟೊಂದು ಕಾನ್ವೆಂಟ್‌ಗಳಿದ್ದರೂ ಬಡವರ ಮನೆಯ ಹುಡುಗಿ ಇನ್ನೂ ಎಂಟನೇ ಇಯತ್ತೆಗೇ ಸಾಲಿ ಬಿಡುತ್ತಾಳೆ.

ಸ್ವಲ್ಪ ಇತಿಹಾಸ ನೋಡೋಣ.

ಕರ್ನಾಟಕದಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಕೆಲಸ ಹೊಸದೇನಲ್ಲ. ಗುಡ್ ಶೆಫರ್ಡ್ ಸಭೆಯವರು ಬೆಂಗಳೂರಿಗೆ ಬಂದದ್ದು 1854ರಲ್ಲಿ. ಈಗಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಶುರುವಾದದ್ದು ಅವರಿಂದ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಫ್ರಾನ್ಸಿನಿಂದ ಹಡಗು ಹತ್ತಿ ಮಂಗಳೂರಿಗೆ ಬಂದರು. ಆ ಸಭೆಯನ್ನು ಸ್ಥಾಪಿಸಿದ ಮದರ್ ವೆರೋನಿಕಾ ಒಬ್ಬ ಆಂಗ್ಲಿಕನ್ ಪಾದ್ರಿಯ ಮಗಳು. ಇವೆಲ್ಲ ಪೇಟೆಯ ಕೆಲಸಗಳು. ಪೇಟೆಗೂ ಬೇಕಿತ್ತು ಅನ್ನಿ.

ನನಗೆ ಬಹಳ ಇಷ್ಟವಾಗುವ ವರ್ಷ 1921. ಆ ವರ್ಷ ಮಂಗಳೂರಿನ ಬೆಂದೂರಿನಲ್ಲಿ ಎರಡು ಬೀಜ ಬಿದ್ದವು. ಒಂದು ಸೇಂಟ್ ಆಗ್ನೆಸ್ ಕಾಲೇಜು. ಹೆಣ್ಣುಮಕ್ಕಳ ಕಾಲೇಜು ಅಂದರೆ ಜನ ಹುಬ್ಬೇರಿಸುತ್ತಿದ್ದ ಕಾಲದಲ್ಲಿ ಕಾರ್ಮೆಲ್ ಸಭೆಯ ಮದರ್ ಅಲೋಶಿಯಾ ಅದನ್ನು ಕಟ್ಟಿದರು. ಅದರ ಹೆಸರು ಎಲ್ಲರಿಗೂ ಗೊತ್ತು. ಇನ್ನೊಂದು ಬೀಜ ಅಷ್ಟು ಸದ್ದು ಮಾಡಲಿಲ್ಲ. ಬೆಂದೂರು ಚರ್ಚಿನ ಗುರುಗಳಾಗಿದ್ದ ರೇಮಂಡ್ ಮಸ್ಕರೇನಸ್, ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ, ಅದೇ ವರ್ಷದ ಜುಲೈ 16ರಂದು ನಾಲ್ಕು ಜನ ಹೆಣ್ಣುಮಕ್ಕಳನ್ನು ಸೇರಿಸಿ ಬೆಥನಿ ಎಂಬ ಸಭೆ ಕಟ್ಟಿದರು. ನಾಲ್ಕೇ ಜನ! ಯುರೋಪಿನಿಂದ ಬಂದವರಲ್ಲ, ಇಲ್ಲಿನವರೇ. ಉದ್ದೇಶವೂ ಅಷ್ಟೇ ಸ್ಪಷ್ಟವಾಗಿತ್ತು. ಪೇಟೆಯ ದೊಡ್ಡ ಸಭೆಗಳು ತಲುಪದ ಹಳ್ಳಿಗಳಲ್ಲಿ ಹುಡುಗಿಯರಿಗೆ ಅಕ್ಷರ ಕಲಿಸಬೇಕು.

ಒಂದೇ ಬಡಾವಣೆ, ಒಂದೇ ವರ್ಷ. ಒಂದು ಮೇಲಿನ ಮೆಟ್ಟಿಲು ಕಟ್ಟಿತು, ಇನ್ನೊಂದು ಕೆಳಗಿನ ಮೆಟ್ಟಿಲು ಕಟ್ಟಿತು. ಕೆಳಗಿನ ಮೆಟ್ಟಿಲಿಲ್ಲದೆ ಮೇಲಿನದಕ್ಕೆ ಹತ್ತುವುದು ಹೇಗೆ?

ಕನ್ನಡದ ಬಗ್ಗೆ ಬರೆಯುವ ಗೆಳೆಯರು ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಆ ಸಿಸ್ಟರ್‌ಗಳ ಮನೆಮಾತು ಹೆಚ್ಚಾಗಿ ಕೊಂಕಣಿ. ಹಳ್ಳಿಯ ಮಕ್ಕಳದು ತುಳು. ಶಾಲೆಯಲ್ಲಿ ಕಲಿಸಿದ್ದು ಕನ್ನಡ. ಕಲಿಸುವವರಿಗೂ ಕಲಿಯುವವರಿಗೂ ಮನೆಮಾತಲ್ಲದ ಕನ್ನಡದಲ್ಲಿ ಇಬ್ಬರೂ ಭೇಟಿಯಾದರು. ದಕ್ಷಿಣ ಕನ್ನಡದ ಎಷ್ಟೋ ಅಜ್ಜಿಯರು ಇವತ್ತು ಕನ್ನಡ ಪೇಪರು ಓದುತ್ತಿದ್ದರೆ ಅದರ ಹಿಂದೆ ಇಂಥ ಹಳ್ಳಿ ಶಾಲೆಗಳಿವೆ. ಕಾನ್ವೆಂಟ್ ಅಂದರೆ ಕನ್ನಡದ ವೈರಿ ಅಂತ ನಾವು ಸುಲಭವಾಗಿ ಬರೆದುಬಿಡುತ್ತೇವೆ. ನಿಜವಾದ ಕಾನ್ವೆಂಟಿನ ಇತಿಹಾಸದಲ್ಲಿ ಕನ್ನಡ ಶಾಲೆಗಳ ಒಂದು ದೊಡ್ಡ ಅಧ್ಯಾಯವೇ ಇದೆ.

ಈಗ ನಮ್ಮ ಸೀಮೆಗೆ ಬರೋಣ. ಬೆಳಗಾವಿ ಧರ್ಮಪ್ರಾಂತ್ಯ ಅಂತ ಪ್ರತ್ಯೇಕವಾಗಿ ಆದದ್ದು 1953ರಲ್ಲಿ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಕ್ರೈಸ್ತರ ಸಂಖ್ಯೆ ಬೆರಳೆಣಿಕೆ. ಹೀಗಾಗಿ ಇಲ್ಲಿಗೆ ಬರುವ ಸಿಸ್ಟರ್‌ಗಳು ಸಾಮಾನ್ಯವಾಗಿ ಹೊರಗಿನವರು. ಮಂಗಳೂರು, ಗೋವಾ, ಕೇರಳದ ಕಡೆಯವರು. ಬಂದ ಮೊದಲ ವರ್ಷ ನಮ್ಮ 'ಹೌದ್ರಿ, ಹೋಗ್ತೇನ್ರಿ' ಕನ್ನಡ ಅವರ ತಲೆಗೆ ಹತ್ತುವುದೇ ಕಷ್ಟ. ಆದರೆ ಒಂದು ಅನುಕೂಲ ಇದೆ ನೋಡಿ. ನಮ್ಮಲ್ಲಿ ಸಾಲಿಯ ಶಿಕ್ಷಕಿಗೆ ಮೇಡಂ ಅನ್ನುವುದಕ್ಕಿಂತ ಮೊದಲಿನಿಂದ ಇದ್ದ ಮಾತು 'ಅಕ್ಕೋರು'. ಸಿಸ್ಟರ್ ಅಂದರೂ ಅಕ್ಕನೇ. ಅನುವಾದ ಯಾರೂ ಮಾಡಬೇಕಾಗಿಲ್ಲ!

ಹಳ್ಳಿಯ ಹುಡುಗಿ ಸಾಲಿ ಬಿಡುವುದು ಹೇಗೆ ಅಂತ ಯೋಚಿಸಿದ್ದೀರಾ? ಯಾರೂ ಒಂದು ದಿನ ಕೂತು 'ಇವಳನ್ನು ನಾಳೆಯಿಂದ ಬಿಡಿಸೋಣ' ಅಂತ ತೀರ್ಮಾನ ಮಾಡುವುದಿಲ್ಲ. ಅದು ಮೆಲ್ಲಗೆ ಆಗುವ ಕೆಲಸ. ಕಬ್ಬಿನ ಹಂಗಾಮು ಬರುತ್ತದೆ, ಅವ್ವ ಕೂಲಿಗೆ ಹೋಗಬೇಕು, ತಮ್ಮನನ್ನು ನೋಡಿಕೊಳ್ಳಲು ಇವಳು ಒಂದು ವಾರ ಮನೆಯಲ್ಲಿ ಉಳಿಯುತ್ತಾಳೆ. ವಾರ ಎರಡಾಗುತ್ತದೆ. ಆಮೇಲೆ ದೊಡ್ಡವಳಾಗುತ್ತಾಳೆ. ಸಾಲಿಯಲ್ಲಿ ಶೌಚಾಲಯಕ್ಕೆ ಬೀಗ. ಹೈಸ್ಕೂಲು ಪಕ್ಕದ ಊರಿನಲ್ಲಿ, ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ದಾರಿಯಲ್ಲಿ ಯಾರೋ ಏನೋ ಅಂದರು ಅಂತ ಅಪ್ಪನ ಕಿವಿಗೆ ಬೀಳುತ್ತದೆ. ಪರೀಕ್ಷೆಯ ಹೊತ್ತಿಗೆ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಅವಳು ಇರುವುದಿಲ್ಲ. ಮರುವರ್ಷ ಮದುವೆ. ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಮಕ್ಕಳದ್ದಂತೂ ಇನ್ನೂ ಕಷ್ಟ. ಆರು ತಿಂಗಳು ಈ ಊರು, ಆರು ತಿಂಗಳು ಆ ಊರು. ಯಾವ ಹಾಜರಿ ಪುಸ್ತಕವೂ ಅವರದಲ್ಲ.

ಇದರಲ್ಲಿ ಮೊದಲ ವಾರದಲ್ಲೇ ಯಾರಾದರೂ ಮನೆಗೆ ಹೋಗಿ 'ಯಾಕ್ರೀ, ಮಗಳು ಬರವಲ್ಲಳು?' ಅಂತ ಕೇಳಿದ್ದರೆ ಅರ್ಧ ಕಥೆ ಬೇರೆಯಾಗುತ್ತಿತ್ತು. ಕೇಳುವವರು ಯಾರು? ಶಿಕ್ಷಕರು ಅಥಣಿಯಿಂದಲೋ ಮಿರಜ್‌ನಿಂದಲೋ ಬೈಕಿನಲ್ಲಿ ಬರುತ್ತಾರೆ, ಸಂಜೆ ವಾಪಸ್ಸು ಹೋಗುತ್ತಾರೆ. ಅವರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ. ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಶಿಕ್ಷಕಿಯೊಬ್ಬಳೇ ಇದ್ದರಂತೂ ಊರ ಬಾಯಿಗೆ ಎಲೆ ಅಡಿಕೆ. ಒಳ್ಳೆಯ ಶಿಕ್ಷಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಹುಡುಗಿಯ ಅಪ್ಪ ಹೊಲದಿಂದ ಮನೆಗೆ ಬರುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತಿಗೆ ಶಿಕ್ಷಕರ ಬೈಕು ಊರು ದಾಟಿರುತ್ತದೆ.

ಸಿಸ್ಟರ್‌ಗಳು ಮಾತ್ರ ಆ ಹೊತ್ತಿನಲ್ಲಿ ಊರಲ್ಲಿರುತ್ತಾರೆ. ಇದೇ ಆ ಮನೆಯ ಮಹಿಮೆ.

ಅವರ ಕೆಲಸದ ರೀತಿ ನೋಡಿ. ಮೂರು ನಾಲ್ಕು ಜನ ಒಂದು ಮನೆಯಲ್ಲಿ. ಒಬ್ಬರು ಶಾಲೆಗೆ, ಒಬ್ಬರು ದವಾಖಾನೆಗೆ, ಒಬ್ಬರು ಹಾಸ್ಟೆಲ್ಲಿಗೆ, ಒಬ್ಬರು ಸಂಜೆ ಓಣಿ ಸುತ್ತಲು. ಮನೆ ಭೇಟಿ ಅನ್ನುವುದು ಅವರಿಗೆ ವರ್ಷಕ್ಕೊಮ್ಮೆ ಮಾಡುವ ಅಭಿಯಾನವಲ್ಲ, ದಿನಚರಿ. ಸುತ್ತುತ್ತಾ ಸುತ್ತುತ್ತಾ ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಸಾಲ, ಯಾವ ಸೊಸೆಗೆ ರಕ್ತಹೀನತೆ, ಎಲ್ಲಾ ಗೊತ್ತಾಗುತ್ತದೆ. ಹೆಂಗಸರ ಉಳಿತಾಯ ಗುಂಪು, ಹೊಲಿಗೆ ತರಗತಿ, ಪಿಂಚಣಿ ಅರ್ಜಿ ಬರೆದುಕೊಡುವುದು, ಇವೆಲ್ಲ ಅಲ್ಲಿಂದ ಹುಟ್ಟುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಗ್ ಎಲ್ಲಿದೆ ಅಂತ ಆಫೀಸಿನಲ್ಲಿ ಕೂತು ಊಹಿಸುವುದಿಲ್ಲ, ಪ್ರೊಡಕ್ಷನ್ ಸರ್ವರಿನ ಪಕ್ಕದಲ್ಲೇ ಮಲಗಿರುತ್ತಾರೆ!

ಈ ಕೆಲಸ ಸುಮ್ಮನೆ ಮೆತ್ತಗಿನ ಸೇವೆ ಅಂದುಕೊಳ್ಳಬೇಡಿ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದಲ್ಲಿ ಕೇರಳದ ಸಿಸ್ಟರ್ ರಾಣಿ ಮರಿಯಾ ಕೂಲಿಕಾರರಿಗೆ ಉಳಿತಾಯ ಕಲಿಸಿದರು, ಸರ್ಕಾರದ ಯೋಜನೆಗಳನ್ನು ತಿಳಿಸಿ ಹೇಳಿದರು. ಬಡ್ಡಿ ಸಾಲದವರ ಹೊಟ್ಟೆಗೆ ಪೆಟ್ಟು ಬಿತ್ತು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರನ್ನು ಇರಿದು ಕೊಂದರು. ಕೊಂದವನಿಗೆ ಆಮೇಲೆ ಅವರ ತಂಗಿ, ಅವರೂ ಸಿಸ್ಟರ್, ಜೈಲಿಗೇ ಹೋಗಿ ರಾಖಿ ಕಟ್ಟಿದರು. ಕ್ಷಮೆಯ ಕಥೆ ದೊಡ್ಡದು, ಸರಿ. ನಾನು ಇಲ್ಲಿ ಹೇಳಹೊರಟಿರುವುದು ಅದರ ಹಿಂದಿನ ಸಂಗತಿ. ಊರಲ್ಲಿ ಉಳಿದವರಿಗೇ ಊರಿನ ಸಾಲದ ಲೆಕ್ಕ ಕಾಣುತ್ತದೆ. ಕಂಡ ಮೇಲೆ ಸುಮ್ಮನಿರದವರಿಗೇ ಶತ್ರುಗಳೂ ಹುಟ್ಟುತ್ತಾರೆ.

ಇನ್ನೊಂದು ಸಂಗತಿ ನಮ್ಮ ಸೀಮೆಗೇ ವಿಶೇಷವಾದದ್ದು. ಬರೆಯುವುದೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಸವದತ್ತಿ ಎಲ್ಲಮ್ಮ, ಅಥಣಿ ತಾಲೂಕಿನ ಕೊಕಟನೂರ ಎಲ್ಲಮ್ಮ. ಇದು ಎಲ್ಲಮ್ಮನ ನಾಡು. ಭಕ್ತಿ ಬೇರೆ, ಅದರ ಹೆಸರಲ್ಲಿ ನಡೆದದ್ದು ಬೇರೆ. 'ದೇವರಿಗೆ ಬಿಟ್ಟ ಹೆಣ್ಣು' ಅಂದರೆ ಇಲ್ಲಿ ಏನರ್ಥ ಅಂತ ನಿಮಗೆ ಗೊತ್ತು. ಬಹುತೇಕ ದಲಿತರ ಮನೆಯ, ಇನ್ನೂ ಬುದ್ಧಿ ಬಲಿಯದ ಹುಡುಗಿಯ ಕೊರಳಿಗೆ ಮುತ್ತು ಕಟ್ಟುವುದು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. ಕಾಯ್ದೆ ಬಂದ ಮಾತ್ರಕ್ಕೆ ಪದ್ಧತಿ ಹೋಗಲಿಲ್ಲ. ಅಥಣಿಯಲ್ಲಿ ವಕೀಲರಾದ ಬಿ.ಎಲ್. ಪಾಟೀಲರು 'ವಿಮೋಚನಾ' ಸಂಸ್ಥೆ ಕಟ್ಟಿ, ಮಲಾಬಾದಿನಲ್ಲಿ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ನಡೆಸಬೇಕಾಯಿತು. ಗಮನಿಸಿ, ವಸತಿ ಶಾಲೆ. ಮತ್ತೆ ಮನೆ!

ಇಂಥ ನಾಡಿನಲ್ಲಿ ಸಿಸ್ಟರ್ ಅನ್ನುವವಳು ಯಾರು? ಅವಳೂ ದೇವರಿಗೆ ತನ್ನನ್ನು ಕೊಟ್ಟುಕೊಂಡ ಹೆಣ್ಣೇ. ಆದರೆ ಹದಿನೇಳು ತುಂಬದೆ ಅವಳನ್ನು ಮಠದ ತರಬೇತಿಗೆ ಸೇರಿಸುವಂತಿಲ್ಲ, ಇಪ್ಪತ್ತೊಂದು ತುಂಬದೆ ಆಜೀವ ವ್ರತ ಕೊಡುವಂತಿಲ್ಲ, ಒತ್ತಾಯದಿಂದ ತೆಗೆದುಕೊಂಡ ವ್ರತ ವ್ರತವೇ ಅಲ್ಲ ಅಂತ ಚರ್ಚಿನ ಕಾನೂನೇ ಹೇಳುತ್ತದೆ. ವರ್ಷಗಟ್ಟಲೆ ಯೋಚಿಸಲು ಸಮಯ, ಬೇಡವೆನಿಸಿದರೆ ಹೊರಗೆ ಬರುವ ದಾರಿ. ಅವಳು ದೇವರಿಗೆ ಕೊಟ್ಟುಕೊಂಡದ್ದರಿಂದ ಊರಿಗೆ ಸಿಕ್ಕಿದ್ದು ಒಬ್ಬ ಹೆಡ್‌ಮಿಸ್ಟ್ರೆಸ್, ಒಬ್ಬ ನರ್ಸು. ಮದುವೆಯಾಗದ, ಗಂಡಸಿನ ಹೆಸರು ಹಿಂದಿಲ್ಲದ ಹೆಂಗಸು ತಲೆಯೆತ್ತಿ ಓಡಾಡಬಹುದು, ಜೀಪು ಓಡಿಸಬಹುದು, ಬ್ಯಾಂಕಿನಲ್ಲಿ ಸಹಿ ಹಾಕಬಹುದು, ಬಿಇಒ ಕಚೇರಿಯಲ್ಲಿ ಕುರ್ಚಿ ಎಳೆದು ಕೂತು ವಾದ ಮಾಡಬಹುದು. ಇದನ್ನು ಹಳ್ಳಿಯ ಹುಡುಗಿ ದಿನಾ ಕಣ್ಣಾರೆ ನೋಡುತ್ತಾಳೆ. ಯಾವ ಪಠ್ಯಪುಸ್ತಕದಲ್ಲೂ ಈ ಪಾಠ ಇಲ್ಲ. ಅವಳು ಕ್ರೈಸ್ತಳಾಗಬೇಕಿಲ್ಲ, ಸನ್ಯಾಸಿನಿ ಆಗಬೇಕಿಲ್ಲ. ಹೆಣ್ಣಿಗೆ ಇನ್ನೂ ಒಂದು ದಾರಿ ಇದೆ ಅಂತ ಗೊತ್ತಾದರೆ ಸಾಕು.

ಇಷ್ಟು ಓದುವಷ್ಟರಲ್ಲಿ ನಿಮ್ಮಲ್ಲಿ ಕೆಲವರ ಬೆರಳು ಕೀಲಿಮಣೆಯ ಮೇಲೆ ತುರಿಸುತ್ತಿರುತ್ತದೆ. 'ಮತಾಂತರ?' ತಾನೇ? ಬನ್ನಿ, ಅದನ್ನೂ ಮಾತಾಡೋಣ.

ಸಿಸ್ಟರ್‌ಗಳಿಗೆ ತಮ್ಮ ನಂಬಿಕೆಯೇ ಇಂಧನ. ಅದನ್ನು ಮುಚ್ಚಿಟ್ಟು ಅವರನ್ನು ಬರೀ ಸಮಾಜಸೇವಕಿಯರು ಅಂತ ಹೊಗಳುವುದು ಅವರಿಗೇ ಮಾಡುವ ಅವಮಾನ. ತಮ್ಮ ದೇವರನ್ನು ಪ್ರೀತಿಸುವವರು ಅವನ ಬಗ್ಗೆ ಮಾತಾಡಿಯೂ ಆಡುತ್ತಾರೆ. ಆಮಿಷ, ಬೆದರಿಕೆ ಇದ್ದರೆ ಅದು ತಪ್ಪು, ಯಾರು ಮಾಡಿದರೂ ತಪ್ಪು. ಅದಕ್ಕೆ 2022ರಲ್ಲಿ ಕರ್ನಾಟಕ ಪ್ರತ್ಯೇಕ ಕಾನೂನನ್ನೇ ತಂದಿತು, 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಆ ಜಗಳ ನಡೆಯಲಿ. ನಾನು ಒಂದು ಲೆಕ್ಕ ಮಾತ್ರ ಇಡುತ್ತೇನೆ. ಸಿಸ್ಟರ್‌ಗಳು ಕರ್ನಾಟಕಕ್ಕೆ ಬಂದು ನೂರೈವತ್ತು ವರ್ಷ ದಾಟಿದೆ. 2011ರ ಜನಗಣತಿಯಲ್ಲಿ ರಾಜ್ಯದ ಕ್ರೈಸ್ತರು, ಎಲ್ಲಾ ಪಂಗಡ ಸೇರಿ, ಶೇಕಡಾ 1.87. ಶಾಲೆ ಅನ್ನುವುದು ಬರೀ ಮತಾಂತರದ ಯಂತ್ರವಾಗಿದ್ದರೆ ಅದರಷ್ಟು ಕೆಟ್ಟದಾಗಿ ಓಡಿದ ಯಂತ್ರ ಇನ್ನೊಂದಿಲ್ಲ. ಅವರ ಶಾಲೆಗಳಲ್ಲಿ ಓದಿದ ಲಕ್ಷಾಂತರ ಹಿಂದೂ, ಮುಸ್ಲಿಂ ಹೆಣ್ಣುಮಕ್ಕಳು ತಮ್ಮ ತಮ್ಮ ದೇವರ ಜೊತೆಗೇ ಇದ್ದಾರೆ. ಕೈಯಲ್ಲಿ ಮಾರ್ಕ್ಸ್ ಕಾರ್ಡೂ ಇದೆ.

ಸಂಶಯ ಪಡುವುದು ನಿಮ್ಮ ಹಕ್ಕು. ಆದರೆ ಸಂಶಯ ಕೈಯೆತ್ತಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಕನ್ಯಾಮಠದ ಮೇಲೇ ದಾಳಿಯಾಯಿತು. ಅಲ್ಲಿದ್ದವರು ಹೊರಗೆ ಓಡಾಡದೆ ಪ್ರಾರ್ಥನೆಯಲ್ಲೇ ದಿನ ಕಳೆಯುವ ಸನ್ಯಾಸಿನಿಯರು. 2025ರ ಜುಲೈನಲ್ಲಿ ಛತ್ತೀಸಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳದ ಇಬ್ಬರು ಸಿಸ್ಟರ್‌ಗಳನ್ನು ಬಂಧಿಸಿದರು. ಅವರ ಜೊತೆ ಮೂವರು ಯುವತಿಯರಿದ್ದರು. ಆರೋಪ ಮಾನವ ಕಳ್ಳಸಾಗಣೆ ಮತ್ತು ಮತಾಂತರ. ಒಂದು ವಾರದ ಮೇಲೆ ಜಾಮೀನು ಸಿಕ್ಕಿತು. ಇಂಥ ಸುದ್ದಿ ಓದಿದ ಮೇಲೆ ಯಾವ ತಾಯಿ ತನ್ನ ಮಗಳನ್ನು ಸಿಸ್ಟರ್‌ಗಳ ಜೊತೆ ದೂರದ ಹಾಸ್ಟೆಲ್ಲಿಗೆ ಕಳಿಸಲು ಧೈರ್ಯ ಮಾಡುತ್ತಾಳೆ? ನಷ್ಟ ಆಗುವುದು ಸಿಸ್ಟರ್‌ಗೆ ಅಲ್ಲ, ಆ ಹುಡುಗಿಗೆ.

'ಅವರು ಯಾಕೆ ಮಾಡುತ್ತಾರೆ?' ಅಂತ ಕೇಳುವಷ್ಟೇ ಗಟ್ಟಿಯಾಗಿ 'ನಾವು ಯಾಕೆ ಮಾಡುವುದಿಲ್ಲ?' ಅಂತಲೂ ಕೇಳಿಕೊಳ್ಳೋಣ. ನ್ಯಾಯ ಅಷ್ಟೇ.

ಹಾಗಂತ ಸಿಸ್ಟರ್‌ಗಳಿಗೆ ನಾನು ಬರೀ ಆರತಿ ಎತ್ತುತ್ತಿಲ್ಲ. ಅವರ ಬಗ್ಗೆ ತಕರಾರೂ ಇದೆ, ಎರಡು.

ಮೊದಲನೆಯದು, ಅವರೂ ಹಳ್ಳಿಯಿಂದ ಪೇಟೆಗೆ, ಕನ್ನಡದಿಂದ ಇಂಗ್ಲಿಷಿಗೆ ಜಾರುತ್ತಿದ್ದಾರೆ. ಕಾರಣ ಇಲ್ಲದಿಲ್ಲ. ಹಳ್ಳಿಯ ಅನುದಾನಿತ ಕನ್ನಡ ಶಾಲೆಗೆ ಮಕ್ಕಳೇ ಬರುತ್ತಿಲ್ಲ, ಎಲ್ಲರೂ ಹಳದಿ ವ್ಯಾನು ಹತ್ತಿದ್ದಾರೆ. ನಿವೃತ್ತರಾದ ಶಿಕ್ಷಕರ ಜಾಗ ತುಂಬಲು ಸರ್ಕಾರದ ಅನುಮತಿಗಾಗಿ ವರ್ಷಗಟ್ಟಲೆ ಕಾಯಬೇಕು. ಆದರೂ... 2014ರ ಮೇ 6 ನೆನಪಿದೆಯಾ? ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ವಿರುದ್ಧ ತೀರ್ಪು ಕೊಟ್ಟ ದಿನ. ಅದೇ ದಿನ ಅದೇ ಕೋರ್ಟಿನಿಂದ ಇನ್ನೊಂದು ತೀರ್ಪೂ ಬಂತು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ, ಅಂದರೆ ಬಡಮಕ್ಕಳಿಗೆ ಶೇಕಡಾ 25 ಸೀಟು ಮೀಸಲಿಡುವ ಕಟ್ಟುಪಾಡೂ ಇಲ್ಲ. ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿದರೆ ಕಾನ್ವೆಂಟಿಗೆ ಕನ್ನಡವನ್ನೂ ಬಿಡಬಹುದು, ಬಡವರನ್ನೂ ಬಿಡಬಹುದು ಅಂತ ಬಾಗಿಲು ತೆರೆದಂತಾಯಿತು. ಎರಡನೇ ತೀರ್ಪಿನ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಅನುಮಾನ ವ್ಯಕ್ತಪಡಿಸಿದೆ. ಕೋರ್ಟು ಏನೇ ಹೇಳಲಿ, 1921ರಲ್ಲಿ ಹಳ್ಳಿಗೆ ಹೊರಟ ನಾಲ್ವರಿಗೆ ಯಾವ ಕಾಯ್ದೆಯ ಒತ್ತಾಯವೂ ಇರಲಿಲ್ಲ. ಪೇಟೆಯ ಶ್ರೀಮಂತರ ಶಾಲೆಗೆ ಇವತ್ತು ಸಿಸ್ಟರ್ ಬೇಕಾಗಿಲ್ಲ. ಒಳ್ಳೆಯ ಮ್ಯಾನೇಜರ್ ಸಾಕು.

ಎರಡನೆಯದು ಮಠದ ಒಳಗಿನದು. ಇಷ್ಟೆಲ್ಲ ದುಡಿಯುವ ಹೆಂಗಸರಿಗೆ ಅವರದೇ ಧರ್ಮಸಭೆಯಲ್ಲಿ ದೊಡ್ಡ ತೀರ್ಮಾನಗಳ ಮೇಲೆ ಎಷ್ಟು ಹಿಡಿತ ಇದೆ? ಗುರುಪಟ್ಟ ಗಂಡಸರಿಗೆ ಮಾತ್ರ. 2018ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ಐವರು ಸಿಸ್ಟರ್‌ಗಳು ತಮ್ಮ ಜೊತೆಯವಳಿಗೆ ನ್ಯಾಯ ಬೇಕು ಅಂತ ಬಿಷಪ್ಪರೊಬ್ಬರ ವಿರುದ್ಧ ಬೀದಿಯಲ್ಲಿ ಕೂತರು. 2022ರ ಜನವರಿಯಲ್ಲಿ ಕೊಟ್ಟಾಯಂ ನ್ಯಾಯಾಲಯ ಆ ಬಿಷಪ್ಪರನ್ನು ಖುಲಾಸೆ ಮಾಡಿತು. ತೀರ್ಪಿನ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಸಿಸ್ಟರ್‌ಗಳು ತಮ್ಮ ಮಾತು ಕೇಳಿಸಲು ಬೀದಿಗೇ ಬರಬೇಕಾಯಿತು ಅನ್ನುವುದು ಯೋಚಿಸಬೇಕಾದ ವಿಷಯ. ಹಳ್ಳಿಯ ಹುಡುಗಿಗೆ ತಲೆಯೆತ್ತಿ ನಡೆ ಅಂತ ಕಲಿಸುವವರು ತಮ್ಮ ಮನೆಯಲ್ಲೂ ತಲೆಯೆತ್ತಿ ಮಾತಾಡುವಂತಿರಬೇಕು.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮನೆ ನಡೆಯುವುದು ಹೇಗೆ ಅಂತ ಎಲ್ಲರಿಗೂ ಕುತೂಹಲ. ಅನುದಾನಿತ ಶಾಲೆಯ ಸಿಸ್ಟರ್‌ಗೆ ಉಳಿದ ಶಿಕ್ಷಕರಂತೆಯೇ ಸರ್ಕಾರದ ಸಂಬಳ. ಬಡತನದ ವ್ರತ ಇರುವುದರಿಂದ ಅದು ಅವರ ಜೇಬಿಗೆ ಹೋಗುವುದಿಲ್ಲ, ಸಭೆಗೆ ಹೋಗುತ್ತದೆ. 'ಹಾಗಿದ್ದರೆ ತೆರಿಗೆ ಯಾಕೆ?' ಅಂತ ತಮಿಳುನಾಡು, ಕೇರಳದವರು ಕೋರ್ಟಿಗೆ ಹೋಗಿದ್ದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ವಜಾ ಮಾಡಿ, ಸಂಬಳ ಅಂದಮೇಲೆ ಟಿಡಿಎಸ್ ಕಡಿಯಲೇಬೇಕು ಅಂದಿತು. ನನ್ನ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಲೆಕ್ಕ ನೋಡಿ, ಒಬ್ಬರ ಸಂಬಳದಲ್ಲಿ ನಾಲ್ವರ ಊಟ, ಜೊತೆಗೆ ಸಂಬಳವೇ ಇಲ್ಲದ ದವಾಖಾನೆಯ, ಓಣಿ ಸುತ್ತುವ ಸಿಸ್ಟರ್ ಕೆಲಸ ನಡೆಯುತ್ತದೆ. ಮನೆ ಒಂದೇ ಆದ್ದರಿಂದ ಇದು ಸಾಧ್ಯ.

ಈಗ ನಿಜವಾದ ಚಿಂತೆ. ಈ ಅಕ್ಕಂದಿರು ಕಡಿಮೆಯಾಗುತ್ತಿದ್ದಾರೆ. ವ್ಯಾಟಿಕನ್ನಿನ ಲೆಕ್ಕದ ಪ್ರಕಾರ 2010ರಲ್ಲಿ ಜಗತ್ತಿನಲ್ಲಿ 7.2 ಲಕ್ಷದಷ್ಟಿದ್ದ ಸನ್ಯಾಸಿನಿಯರು 2023ಕ್ಕೆ 5.9 ಲಕ್ಷದ ಹತ್ತಿರ ಇಳಿದಿದ್ದಾರೆ. ಕೇರಳ, ಮಂಗಳೂರಿನ ಮನೆಗಳಲ್ಲೂ ಈಗ ಒಂದೋ ಎರಡೋ ಮಕ್ಕಳು. ಓದಿದ ಹುಡುಗಿಯರಿಗೆ ನೂರು ದಾರಿ. ಒಳ್ಳೆಯದೇ. ಆದರೆ ಸಂಜೆ ಏಳಕ್ಕೆ ಊರಲ್ಲಿರುವವರು ಇನ್ನು ಯಾರು?

ಇದು ಕ್ಯಾಥೊಲಿಕರ ಸ್ವತ್ತೇನೂ ಅಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಏಳು ಜನ ಶಿಕ್ಷಕರನ್ನು ನಾವು ಸಪ್ತರ್ಷಿಗಳು ಅನ್ನುತ್ತೇವೆ. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಎಷ್ಟೋ ಜನ. ಊಟ, ವಸತಿ, ಅಕ್ಷರ ಮೂರೂ ಒಂದೇ ಕಡೆ ಅನ್ನುವ ಕಲ್ಪನೆ ನಮ್ಮದೂ ಹೌದು. ಆದರೆ ಅದರಲ್ಲಿ ಹುಡುಗಿಯರ ಪಾಲು ತೀರಾ ತಡವಾಗಿ ಬಂತು. ಸರ್ಕಾರಕ್ಕೂ ಈ ಪಾಠ ಅರ್ಥವಾಗಿದೆ. 2004ರಲ್ಲಿ ಶುರುವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ನಮ್ಮ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಇದೇ ಅಚ್ಚಿನವು. ಕಟ್ಟಡ ಇದೆ, ಮಂಚ ಇದೆ, ಊಟ ಇದೆ. ಆದರೆ ವಾರ್ಡನ್ನು, ಶಿಕ್ಷಕಿಯರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡು, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಅನ್ನುವ ಭಯದಲ್ಲಿ ಇಟ್ಟರೆ ಅದು ಹಾಸ್ಟೆಲ್ ಆಗುತ್ತದೆಯೇ ಹೊರತು ಮನೆ ಆಗುವುದಿಲ್ಲ.

ನಮ್ಮ ಐಟಿ ಕಂಪನಿಗಳ ಸಿಎಸ್‌ಆರ್ ಬಗ್ಗೆಯೂ ಒಂದು ಮಾತು. ಶನಿವಾರ ಬಸ್ಸು ಮಾಡಿಕೊಂಡು ಹೋಗಿ, ಗೋಡೆಗೆ ಬಣ್ಣ ಹಚ್ಚಿ, ನೋಟ್‌ಬುಕ್ ಹಂಚಿ, ಟೀ ಶರ್ಟಿನಲ್ಲಿ ಫೋಟೋ ತೆಗೆಸಿಕೊಂಡು ಬರುವುದು ಕೆಟ್ಟದ್ದಲ್ಲ. ಆದರೆ ಸೋಮವಾರ ಬೆಳಿಗ್ಗೆ ಆ ಹುಡುಗಿ ಸಾಲಿಗೆ ಬಂದಳೋ ಇಲ್ಲವೋ ಅಂತ ಆ ಬಣ್ಣ ಹೇಳುವುದಿಲ್ಲ. ಅದೇ ದುಡ್ಡಿನಲ್ಲಿ ಹಳ್ಳಿಯಲ್ಲಿ ನಾಲ್ಕು ಶಿಕ್ಷಕಿಯರು ಒಟ್ಟಿಗೆ ಧೈರ್ಯವಾಗಿ ಇರಬಹುದಾದ ಒಂದು ಮನೆ ಕಟ್ಟಿಸಿದರೆ? ನೀರು, ಕರೆಂಟು, ಗಟ್ಟಿ ಬಾಗಿಲು, ಒಂದು ಸ್ಕೂಟರು. ಅಲ್ಲಿ ಇರಲು ಒಪ್ಪುವ ಸರ್ಕಾರಿ ಶಿಕ್ಷಕಿಗೆ, ನರ್ಸಿಗೆ, ಅಂಗನವಾಡಿ ಮೇಲ್ವಿಚಾರಕಿಗೆ ವರ್ಗಾವಣೆಯಲ್ಲಿ ಆದ್ಯತೆ, ಕೈಗೆ ಸ್ವಲ್ಪ ಹೆಚ್ಚು ಭತ್ಯೆ. ಎರಡು ವರ್ಷ ಇದ್ದರೂ ಸಾಕು. ವ್ರತ ಬೇಡ, ಬಿಳಿ ಸೀರೆ ಬೇಡ, ದೇವರು ಯಾರಾದರೂ ಆಗಲಿ. ಐನಾಪುರದ ಸುತ್ತಲಿನ ಹಳ್ಳಿಗಳಲ್ಲಿ ಇಂಥ ನಾಲ್ಕು ಮನೆ ಇದ್ದರೆ ಇನ್ನೂ ನಾಲ್ಕು ಹೊಸ 'ಕಾನ್ವೆಂಟ್'ಗಳಿಗಿಂತ ಹೆಚ್ಚು ಹುಡುಗಿಯರು ಹತ್ತನೇ ಇಯತ್ತೆ ದಾಟುತ್ತಾರೆ ಅಂತ ನನ್ನ ನಂಬಿಕೆ.

2011ರ ಜನಗಣತಿಯಲ್ಲಿ ಕರ್ನಾಟಕದ ಗಂಡಸರ ಸಾಕ್ಷರತೆ ಶೇಕಡಾ 82.47, ಹೆಂಗಸರದು 68.08. ಮಧ್ಯದ ಆ ಹದಿನಾಲ್ಕು ಅಂಶಗಳಲ್ಲಿ ಒಬ್ಬೊಬ್ಬರಿಗೂ ಒಂದು ಹೆಸರಿದೆ, ಒಂದು ಓಣಿ ಇದೆ. ಓಣಿಯೊಳಗೆ ನಡೆದು ಹೋಗುವವರಿಗೆ ಮಾತ್ರ ಆ ಹೆಸರು ಗೊತ್ತಾಗುತ್ತದೆ.

ನೀವೇನಂತೀರಿ? ಒಪ್ಪದಿದ್ದರೆ ಜಗಳಕ್ಕೆ ಬನ್ನಿ, ಬೇಜಾರಿಲ್ಲ. ಒಪ್ಪಿದರೆ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಕೊನೆಯ ಬಸ್ಸು ಹೋದ ಮೇಲೂ ಉಳಿಯುತ್ತಿದ್ದ ಅಕ್ಕೋರು ಯಾರಾದರೂ ಇದ್ದರೆ, ಸಿಸ್ಟರ್ ಆಗಲಿ, ಸರ್ಕಾರಿ ಶಿಕ್ಷಕಿಯಾಗಲಿ, ದಾದಿಯಾಗಲಿ, ಅವರ ಕೆಲಸದ ಬಗ್ಗೆ ನಿಮ್ಮ ಬ್ಲಾಗಿನಲ್ಲಿ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲೇ.